ಮೊದಲ ಸಾಲಿನ ಎಂಟು ಜಾಗ

ಎರೆ ಸೀಮೆಯಲ್ಲಿ ಬೆಳೆದವರಿಗೆ ಮಳೆಗಾಲದ ಸೈಕಲ್ಲಿನ ಪಾಡು ಗೊತ್ತು. ಹೊಲದ ದಾರಿಯಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಟೈರಿಗೆ ಮಣ್ಣು ಮೆತ್ತಿ, ಮಡ್‌ಗಾರ್ಡಿನ ಒಳಗೆ ತುಂಬಿ, ಚಕ್ರ ತಿರುಗುವುದೇ ನಿಂತುಬಿಡುತ್ತದೆ. ಆಗ ಇಳಿದು ಬೇಲಿಯ ಕಡ್ಡಿ ಮುರಿದುಕೊಂಡು ಕೆರೆಯುತ್ತ ನಿಲ್ಲಬೇಕು, ಇಲ್ಲವೇ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ನಡೆಯಬೇಕು. ಶಾಲೆಗೆ ಹೋಗುವಾಗ ನಾನೂ ಹಾಗೆ ಹೊತ್ತು ನಡೆದಿದ್ದೇನೆ. ಅಂಥದೇ ಕೆಸರಿನಲ್ಲಿ ಸೈಕಲ್ ಹೊತ್ತು ಓಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು ಇದ್ದಾರೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಮೇಲೆ ಆ ಓಟಗಳನ್ನು ಬಿಡದೆ ನೋಡತೊಡಗಿದೆ. ಡಿಸೆಂಬರ್ ತಿಂಗಳ ಭಾನುವಾರ, ಬೆಲ್ಜಿಯಂನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಗಂಡಸರ ಓಟ ಶುರುವಾದರೆ ನಮ್ಮಲ್ಲಿ ರಾತ್ರಿ ಏಳೂವರೆ. ಊಟದ ಹೊತ್ತಿಗೆ ಮುಗಿದಿರುತ್ತದೆ.

ಆ ಆಟದ ಹೆಸರು ಸೈಕ್ಲೋಕ್ರಾಸ್. ಅದನ್ನು ಆಡುವವರಲ್ಲಿ ಹಲವರು ಬೇಸಿಗೆಯಲ್ಲಿ ಮೌಂಟನ್ ಬೈಕ್ ಏರಿ ಗುಡ್ಡದ ಬಂಡೆಗಳ ಮೇಲೆ ಓಡುತ್ತಾರೆ. ಎರಡನ್ನೂ ಸೇರಿಸಿದರೆ ಒಂದು ಪೂರ್ತಿ ವರ್ಷದ ಉದ್ಯೋಗ. ಹೊರಗಿನಿಂದ ನೋಡಿದರೆ ಇಲ್ಲಿ ಗಟ್ಟಿ ಕಾಲು, ಗಟ್ಟಿ ಶ್ವಾಸಕೋಶ ಇದ್ದವರು ಗೆಲ್ಲುತ್ತಾರೆ ಅನ್ನಿಸುತ್ತದೆ. ಕೆಲವು ವರ್ಷ ಹತ್ತಿರದಿಂದ ಹಿಂಬಾಲಿಸಿದ ಮೇಲೆ ನನಗೆ ಬೇರೆಯದೇ ಲೆಕ್ಕ ಕಾಣಿಸಿದೆ. ಓಟ ಶುರುವಾಗುವ ಗೆರೆಯಲ್ಲಿ ಮುಂದಿನ ಸಾಲು ಸಿಗಬೇಕಾದರೆ ವರ್ಷವಿಡೀ ಓಡುತ್ತಲೇ ಇರಬೇಕು. ದೇಹ ಉಳಿಯಬೇಕಾದರೆ ಆಗಾಗ ಓಡದೆ ಕೂರಬೇಕು. ಇವೆರಡರ ನಡುವಿನ ಎಳೆದಾಟವೇ ಈ ವೃತ್ತಿ.

ಮೊದಲು ಕೆಸರಿನ ಆಟ. ಉದ್ಯಾನ, ಕೋಟೆಯ ಇಳಿಜಾರು, ಕಡಲ ದಂಡೆಯ ಮರಳ ದಿಬ್ಬ, ಹುಲ್ಲುಗಾವಲು, ಇಂಥ ಕಡೆ ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ಸುತ್ತು ಕಟ್ಟುತ್ತಾರೆ. ಗಂಡಸರಿಗೆ ಸುಮಾರು 60 ನಿಮಿಷ, ಹೆಂಗಸರಿಗೆ ಸುಮಾರು 50 ನಿಮಿಷ. ಎಷ್ಟು ಸುತ್ತು ಎನ್ನುವುದು ಮೊದಲೇ ತೀರ್ಮಾನವಾಗಿರುವುದಿಲ್ಲ. ಆರಂಭದ ಸುತ್ತುಗಳಿಗೆ ತಗುಲಿದ ಸಮಯ ನೋಡಿ ಲೆಕ್ಕ ಹಾಕುತ್ತಾರೆ. ದಾರಿಗೆ ಅಡ್ಡವಾಗಿ 40 ಸೆಂಟಿಮೀಟರ್ ಎತ್ತರದವರೆಗಿನ ಹಲಗೆಗಳಿರುತ್ತವೆ, ಮೆಟ್ಟಿಲಿರುತ್ತದೆ, ಹತ್ತಲಾಗದಷ್ಟು ಕಡಿದಾದ ಏರಿರುತ್ತದೆ. ಹಲಗೆ ಬಂದಾಗ ಹೆಚ್ಚಿನವರು ಇಳಿದು ಸೈಕಲ್ ಎತ್ತಿಕೊಂಡು ದಾಟುತ್ತಾರೆ, ಗಟ್ಟಿಗರು ಸೈಕಲ್ ಸಮೇತ ಜಿಗಿಯುತ್ತಾರೆ. ಆ ಜಿಗಿತವನ್ನು ಮನೆಮಾತು ಮಾಡಿದವರು ಬೆಲ್ಜಿಯಂನ ಸ್ವೆನ್ ನೈಸ್, 2005 ಮತ್ತು 2013ರ ವಿಶ್ವ ಚಾಂಪಿಯನ್. ಅವರ ಊರು ಬಾಲ್‌ನಲ್ಲಿ ಪ್ರತಿ ಜನವರಿ 1ರಂದು ಅವರ ಹೆಸರಿನಲ್ಲೇ ಓಟ ನಡೆಯುತ್ತದೆ. ಸೈಕಲ್ ದೂರಕ್ಕೆ ರಸ್ತೆ ರೇಸಿನದರಂತೆಯೇ ಕಾಣುತ್ತದೆ. ಬಾಗಿದ ಹ್ಯಾಂಡಲ್, ತೆಳು ಚೌಕಟ್ಟು, ಟೈರಿನ ಅಗಲ 33 ಮಿಲಿಮೀಟರಿಗಿಂತ ಹೆಚ್ಚಿರಕೂಡದು. ಅದನ್ನು ಅಳತೆಪಟ್ಟಿ ಹಿಡಿದೇ ನೋಡುತ್ತಾರೆ.

ಈ ಆಟದ ಜೀವ ಇರುವುದು ಪಿಟ್‌ನಲ್ಲಿ. ದಾರಿಗೆ ತಾಗಿಕೊಂಡ ಒಂದು ಓಣಿ ಅದು. ಒಂದು ಸುತ್ತಿನಲ್ಲಿ ಎರಡು ಸಲ ಅದರ ಪಕ್ಕ ಹಾಯುವಂತೆ ದಾರಿ ಮಾಡಿರುತ್ತಾರೆ. ಕೆಸರು ಜೋರಾಗಿದ್ದ ದಿನ ಸವಾರ ಎರಡೂ ಸಲ ಒಳಗೆ ಬರುತ್ತಾನೆ. ಓಡುತ್ತಿರುವ ಸೈಕಲ್ಲಿನ ಮೇಲೆಯೇ ಬಲಗಾಲನ್ನು ಹಿಂದಿನಿಂದ ಈಚೆಗೆ ತಂದು ಒಂದೇ ಪೆಡಲಿನ ಮೇಲೆ ನಿಂತಿರುತ್ತಾನೆ. ಮೆಕ್ಯಾನಿಕ್ ಹತ್ತಿರವಾಗುತ್ತಲೇ ಹ್ಯಾಂಡಲ್ ಬಿಡುತ್ತಾನೆ. ಕೆಸರುಮುದ್ದೆಯಾದ ಸೈಕಲ್ ಮೆಕ್ಯಾನಿಕ್ಕಿನ ಕೈಗೆ. ಮೂರು ನಾಲ್ಕು ಹೆಜ್ಜೆ ಆಚೆ ಇನ್ನೊಬ್ಬ ಮೆಕ್ಯಾನಿಕ್ ತೊಳೆದ ಸೈಕಲ್ಲನ್ನು ಸರಿಯಾದ ಗೇರಿನಲ್ಲಿಟ್ಟು ಹಿಡಿದು ನಿಂತಿರುತ್ತಾನೆ. ಸವಾರ ಅದರ ಮೇಲೆ ಹಾರಿ ಕೂತು ಹೋಗಿಯಾಯಿತು. ಇಷ್ಟಕ್ಕೆ ಹಿಡಿಯುವುದು ಕೆಲವೇ ಸೆಕೆಂಡು. ನಿಜವಾದ ಗಡಿಬಿಡಿ ಆಮೇಲೆ. ಅರ್ಧ ಸುತ್ತಿಗೆ ಮೂರೂವರೆ ನಿಮಿಷ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಆ ಸೈಕಲ್ಲನ್ನು ನೀರು ಚಿಮ್ಮುವ ಯಂತ್ರದ ಹತ್ತಿರ ಒಯ್ದು, ಸರತಿಯಲ್ಲಿ ನಿಂತು, ತೊಳೆದು, ಗೇರಿನ ಹಲ್ಲುಗಳ ಸಂದಿಯ ಹುಲ್ಲು ಕಿತ್ತು, ಚೈನಿಗೆ ಎಣ್ಣೆ ಬಿಟ್ಟು, ಓಡೋಡಿ ತಂದು ನಿಲ್ಲಿಸಬೇಕು. ಒಂದು ತಾಸಿನಲ್ಲಿ ಇದು ಹದಿನೈದು ಸಲವೂ ಆಗಬಹುದು. ಹಾಗಾಗಿ ದೊಡ್ಡ ಸವಾರನ ಹಿಂದೆ ಕಡಿಮೆಯೆಂದರೂ ಎರಡು ಮೂರು ಸೈಕಲ್, ಕೆಸರಿಗೊಂದು, ಒಣಗಿದ ದಾರಿಗೊಂದು ಎಂದು ಹದವಾದ ಟೈರುಗಳ ಸಾಲು, ಇಬ್ಬರು ಮೂವರು ಮೆಕ್ಯಾನಿಕ್‌ಗಳು ಇರಲೇಬೇಕು. ಶುರುವಿನಲ್ಲಿರುವ ಹುಡುಗಿಯ ಪಿಟ್‌ನಲ್ಲಿ ಅಪ್ಪ ನಿಂತಿರುತ್ತಾನೆ, ಸೈಕಲ್ ತೊಳೆಯಲು ಅಣ್ಣ.

ಟೈರಿನ ಗಾಳಿ ಎಂಬುದಂತೂ ಒಂದು ವಿದ್ಯೆ. ನಮ್ಮ ಸೈಕಲ್ ಅಂಗಡಿಯವನು ಕಲ್ಲಿನಂತಾಗುವವರೆಗೆ ಗಾಳಿ ಹೊಡೆಯುತ್ತಾನಲ್ಲ, ಇಲ್ಲಿ ತದ್ವಿರುದ್ಧ. ಹೆಬ್ಬೆರಳಿನಲ್ಲಿ ಒತ್ತಿದರೆ ತಗ್ಗುವಷ್ಟು ಮೆತ್ತಗೆ ಇಡುತ್ತಾರೆ. ಮೆತ್ತಗಿದ್ದಷ್ಟೂ ಟೈರು ನೆಲವನ್ನು ಅಪ್ಪಿ ಹಿಡಿಯುತ್ತದೆ, ತೀರ ಮೆತ್ತಗಾದರೆ ಬೇರಿಗೋ ಕಲ್ಲಿಗೋ ರಿಮ್ಮೇ ಬಡಿದು ಪಂಕ್ಚರ್. ಓಟಕ್ಕೆ ಮುಂಚೆ ದಾರಿ ನೋಡಿ ಬಂದ ಸವಾರರು ಗಾಳಿಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಮಾಡಿಸುತ್ತ ನಿಂತಿರುವುದು ಕಾಣಸಿಗುತ್ತದೆ.

ಮೌಂಟನ್ ಬೈಕಿನ ನಿಯಮ ಸೈಕಲ್ ಬದಲಿಸುವ ವಿಷಯದಲ್ಲೇ ಬೇರೆಯಾಗುವುದು. ಒಲಿಂಪಿಕ್ಸ್‌ನಲ್ಲಿರುವ ಕ್ರಾಸ್‌ಕಂಟ್ರಿ ಓಟದ ಸುತ್ತು ನಾಲ್ಕರಿಂದ ಆರು ಕಿಲೋಮೀಟರ್, ಗೆಲ್ಲುವವರಿಗೆ 80ರಿಂದ 100 ನಿಮಿಷ ಹಿಡಿಯುತ್ತದೆ. ಸೈಕಲ್ ಬದಲಿಸುವಂತಿಲ್ಲ. ಯಾವುದರ ಮೇಲೆ ಹೊರಟೆಯೋ ಅದರ ಮೇಲೆಯೇ ಮುಗಿಸಬೇಕು. ಗಾಲಿ ಕೆಟ್ಟರೆ ಗೊತ್ತುಮಾಡಿದ ಜಾಗದವರೆಗೆ ಹೇಗಾದರೂ ಬಂದು ಬದಲಿಸಿಕೊಳ್ಳಬಹುದು, ದಾರಿ ನಡುವೆ ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್‌ಗೆ ಮುಂದಿನ ಗಾಲಿ ಪಂಕ್ಚರ್ ಆಯಿತು. ಬದಲಿಸಿಕೊಂಡು ಹೊರಡುವಷ್ಟರಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿದ್ದರು. ಒಬ್ಬೊಬ್ಬರನ್ನೇ ಹಿಡಿದು, ಕೊನೆಯ ಸುತ್ತಿನಲ್ಲಿ ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿಯನ್ನು ಮರದ ಪಕ್ಕದ ಸಂದಿಯಲ್ಲಿ ದಾಟಿ ಚಿನ್ನ ಗೆದ್ದರು.

ಎರಡು ಆಟಗಳಿಗೂ ಹಳೆಯ ನಂಟಿದೆ. ಸೈಕ್ಲೋಕ್ರಾಸ್ ಹಿರಿಯದು. ರಸ್ತೆ ರೇಸಿನವರು ಚಳಿಗಾಲದಲ್ಲಿ ಮೈ ಬಿಸಿ ಇಟ್ಟುಕೊಳ್ಳಲು ಫ್ರಾನ್ಸಿನ ಹೊಲಗದ್ದೆಗಳಲ್ಲಿ ಓಡುತ್ತಿದ್ದುದರಿಂದ ಹುಟ್ಟಿದ್ದು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ, ಪ್ಯಾರಿಸ್ಸಿನಲ್ಲಿ. ಮೌಂಟನ್ ಬೈಕ್ 1970ರ ದಶಕದ ಕ್ಯಾಲಿಫೋರ್ನಿಯಾದ ಕೂಸು. 1974ರ ಡಿಸೆಂಬರಿನಲ್ಲಿ ಅಲ್ಲಿನ ಮಿಲ್ ವ್ಯಾಲಿಯಲ್ಲಿ ನಡೆದ ಒಂದು ಸೈಕ್ಲೋಕ್ರಾಸ್ ಓಟಕ್ಕೆ ಬೇರೆ ಊರಿನ ಹುಡುಗರು ದಪ್ಪ ಟೈರಿನ ಹಳೆ ಸೈಕಲ್ಲಿಗೆ ಗೇರು ಕಟ್ಟಿಕೊಂಡು ಬಂದಿದ್ದರು. ಅದನ್ನು ಕಂಡ ಮರಿನ್ ಕೌಂಟಿಯ ಹುಡುಗರು ಅದೇ ಜಾಡು ಹಿಡಿದರು. ಅವರಲ್ಲಿ ಗ್ಯಾರಿ ಫಿಷರ್, ಜೋ ಬ್ರೀಝ್ ಹೆಸರುಗಳು ಇಂದಿಗೂ ಚಾಲ್ತಿಯಲ್ಲಿವೆ. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್. ಸೈಕ್ಲೋಕ್ರಾಸ್ ಇನ್ನೂ ಒಲಿಂಪಿಕ್ಸ್‌ಗೆ ಹೊರಗೇ ಇದೆ.

ಈಗ ಸಾಲಿನ ವಿಷಯಕ್ಕೆ ಬರೋಣ.

ಓಟ ಶುರುವಾಗುವ ಮುಂಚೆ ತೀರ್ಪುಗಾರರು ಒಬ್ಬೊಬ್ಬರ ಹೆಸರು ಕರೆಯುತ್ತಾರೆ. ಕರೆದ ಕ್ರಮದಲ್ಲಿ ಬಂದು ಸಾಲಿಗೆ ಸಾಮಾನ್ಯವಾಗಿ ಎಂಟು ಮಂದಿಯಂತೆ ನಿಲ್ಲುತ್ತಾರೆ. ಸೈಕ್ಲೋಕ್ರಾಸ್‌ನಲ್ಲಿ ಶುರುವಿನ ಹಾದಿ ಅಗಲವಾದದ್ದು, ಕಡಿಮೆಯೆಂದರೂ 150 ಮೀಟರ್ ಉದ್ದ ಇರಬೇಕೆಂದು ನಿಯಮವಿದೆ. ಅದು ಮುಗಿದ ಕೂಡಲೇ ಹುಲ್ಲು, ಕೆಸರು, ತಿರುವು. ಐವತ್ತು ಜನ ಒಟ್ಟಿಗೆ ಹೋಗಿ ಮೂರು ಮೀಟರ್ ದಾರಿಗೆ ನುಗ್ಗಿದರೆ ಏನಾಗುತ್ತದೆ? ಜಾತ್ರೆಯ ದಿನ ದೇವಸ್ಥಾನದ ಬಾಗಿಲಲ್ಲಿ ಆಗುವುದೇ ಇಲ್ಲಿಯೂ ಆಗುತ್ತದೆ. ಮೊದಲ ಸಾಲಿನವರು ವೇಗ ಕಳೆದುಕೊಳ್ಳದೆ ತಿರುವು ದಾಟಿ ಹೋಗಿರುತ್ತಾರೆ. ಆರನೇ ಸಾಲಿನವರು ಒಂದು ಕಾಲು ನೆಲಕ್ಕೂರಿ ನಿಂತು, ಮುಂದಿನವರು ಸರಿಯಲಿ ಎಂದು ಕಾಯುತ್ತಿರುತ್ತಾರೆ. ಒಂದು ತಿರುವಿನಲ್ಲಿ ಐದು ಸೆಕೆಂಡು, ಇನ್ನೊಂದರಲ್ಲಿ ನಾಲ್ಕು. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಕಾಲಿನಲ್ಲಿ ಅದೇ ಕಸುವಿದ್ದರೂ ಹಿಂದಿನವರು ಅರ್ಧ ನಿಮಿಷ ಹಿಂದೆ. ಅದನ್ನು ತುಂಬಿಸಲು ಪ್ರತಿಯೊಬ್ಬರನ್ನೂ ದಾಟುವಾಗ ಒಂದೊಂದು ಸಲ ಉಸಿರು ಕಟ್ಟಿ ನುಗ್ಗಬೇಕು. ಮುಂದೆ ಇದ್ದವರು ಅಷ್ಟು ಹೊತ್ತೂ ತಮ್ಮ ಲಯದಲ್ಲಿ ಹೋಗುತ್ತಿರುತ್ತಾರೆ.

ಇದರ ಮೇಲೆ ಇನ್ನೊಂದು ನಿಯಮ. ಮುಂದಾಳುವಿಗಿಂತ, ಆತನ ಮೊದಲ ಸುತ್ತಿನ ಸಮಯದ ಶೇ 80ರಷ್ಟು ಹಿಂದೆ ಬಿದ್ದವರನ್ನು ಓಟದಿಂದ ಹೊರಗೆ ತೆಗೆಯುತ್ತಾರೆ. ಒಂದು ಸುತ್ತಿಗೆ ಏಳು ನಿಮಿಷವಾದರೆ ಐದು ನಿಮಿಷ 36 ಸೆಕೆಂಡು ಹಿಂದೆ ಬಿದ್ದವರ ದಿನ ಅಲ್ಲಿಗೆ ಮುಗಿಯಿತು. ದೂರದ ದೇಶದಿಂದ ಸಾಲ ಮಾಡಿ ಬಂದ ಸವಾರ ಅರ್ಧ ಓಟಕ್ಕೇ ಹೆಸರಿನ ಮುಂದೆ ಸುತ್ತು ಬಾಕಿ ಎಂದು ಬರೆಸಿಕೊಂಡು ಹೋಗುವುದು ಹೀಗೆ. ಮಧ್ಯದಲ್ಲಿ ಮುಂದಾಳು ಬಂದು ಮೈಮೇಲೆ ಹಾಯದಿರಲಿ ಎಂಬ ಕಾರಣ ನ್ಯಾಯವಾದದ್ದೇ. ಆದರೂ ಆ ಮುಖಗಳನ್ನು ನೋಡುವಾಗ ಸಂಕಟವಾಗುತ್ತದೆ.

ಹೆಸರು ಕರೆಯುವ ಕ್ರಮ ಎಲ್ಲಿಂದ ಬರುತ್ತದೆ? ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ನೀಡುವ ಅಂಕಗಳಿಂದ. ಸೈಕ್ಲೋಕ್ರಾಸ್‌ನಲ್ಲಿ ಎರಡನೇ ದರ್ಜೆಯ ಓಟ ಗೆದ್ದರೆ 40 ಅಂಕ, ಒಂದನೇ ದರ್ಜೆಯದು ಗೆದ್ದರೆ 80, ವಿಶ್ವಕಪ್ ಓಟ ಗೆದ್ದರೆ 200. ಈ ಅಂಕಗಳ ಆಯುಸ್ಸು 52 ವಾರ. ಹೋದ ವರ್ಷದ ನವೆಂಬರಿನಲ್ಲಿ ಗಳಿಸಿದ್ದು ಈ ವರ್ಷದ ನವೆಂಬರಿನಲ್ಲಿ ಕಳಚಿ ಬೀಳುತ್ತದೆ. ಅಂದರೆ ನಿಂತಲ್ಲೇ ನಿಲ್ಲಬೇಕಾದರೂ ಓಡುತ್ತಿರಬೇಕು. ಅಂಕ ಇದ್ದರೆ ಮುಂದಿನ ಸಾಲು, ಮುಂದಿನ ಸಾಲು ಸಿಕ್ಕರೆ ಒಳ್ಳೆಯ ಸ್ಥಾನ, ಒಳ್ಳೆಯ ಸ್ಥಾನ ಬಂದರೆ ಮತ್ತೆ ಅಂಕ. ಈ ಚಕ್ರದ ಒಳಗಿರುವವರಿಗೆ ಅದು ತಾನಾಗಿಯೇ ತಿರುಗುತ್ತದೆ. ಹೊರಗಿರುವವರು ಒಳಗೆ ಬರಲು ಎರಡು ಮೂರು ವರ್ಷ ಸಣ್ಣಪುಟ್ಟ ಓಟಗಳಲ್ಲಿ ಬೆವರು ಸುರಿಸಬೇಕು. ಅಮೆರಿಕದ ಸವಾರರು ಎರಡನೇ ದರ್ಜೆಯ ಅಂಕಗಳ ಬೆನ್ನು ಹತ್ತಿ ಶನಿವಾರ ಒಂದೂರು, ಭಾನುವಾರ ಇನ್ನೊಂದೂರು ಎಂದು ವ್ಯಾನಿನಲ್ಲಿ ಸುತ್ತುವುದು ಅದಕ್ಕಾಗಿ.

ಮೌಂಟನ್ ಬೈಕಿನಲ್ಲಿ ಇನ್ನೊಂದು ಮೆಟ್ಟಿಲಿದೆ. ವಿಶ್ವಕಪ್ ಮುಖ್ಯ ಓಟಕ್ಕೆ ಮುಂಚೆ ಇಪ್ಪತ್ತು ನಿಮಿಷದ ಆಸುಪಾಸಿನ ಒಂದು ಗಿಡ್ಡ ಓಟ ಇಡುತ್ತಾರೆ. ಅದರ ಫಲಿತಾಂಶದಿಂದಲೇ ಮುಖ್ಯ ಓಟದ ಮೊದಲ ಸಾಲುಗಳು ತುಂಬುತ್ತವೆ. ಗಿಡ್ಡ ಓಟದಲ್ಲಿ ಮೈ ಉಳಿಸಿಕೊಂಡರೆ ಹಿಂದಿನ ಸಾಲು, ಮೈ ಸವೆಸಿದರೆ ಮುಂದಿನ ಸಾಲು ಸಿಕ್ಕೂ ಕಾಲು ಭಾರ. ಪ್ರತಿ ವಾರಾಂತ್ಯ ಈ ತೂಗಾಟ.

ಇದನ್ನೆಲ್ಲ ಮೀರಿ ನಿಲ್ಲುವವರೂ ಇದ್ದಾರೆ. ನೆದರ್‌ಲ್ಯಾಂಡ್ಸ್‌ನ ಮಾತ್ಯೂ ವಾನ್ ಡರ್ ಪೂಲ್ ವರ್ಷದ ಹೆಚ್ಚು ಭಾಗ ರಸ್ತೆ ರೇಸಿನಲ್ಲಿದ್ದು ಡಿಸೆಂಬರಿನಲ್ಲಿ ಕೆಸರಿಗೆ ಇಳಿಯುತ್ತಾರೆ. ಓಡುವ ಓಟಗಳೇ ಕಡಿಮೆಯಾದ್ದರಿಂದ ಅಂಕವೂ ಕಡಿಮೆ, ಎಷ್ಟೋ ಸಲ ಎರಡನೇ ಮೂರನೇ ಸಾಲಿನಲ್ಲಿ ನಿಲ್ಲುತ್ತಾರೆ, ಒಂದೆರಡು ಸುತ್ತಿನಲ್ಲಿ ಎಲ್ಲರನ್ನೂ ದಾಟಿ ಮಾಯವಾಗುತ್ತಾರೆ. 2025ರಲ್ಲಿ ಅವರು ಏಳನೆಯ ಸಲ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್ ಆಗಿ ಬೆಲ್ಜಿಯಂನ ಎರಿಕ್ ಡಿ ವ್ಲಾಮಿಂಕ್ ಅವರ ದಾಖಲೆಗೆ ಸಮನಾದರು. ಅಂಥವರನ್ನು ನೋಡಿ ವೃತ್ತಿಯ ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಅವರ ತಂದೆ ಆಡ್ರಿ 1996ರ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್, ತಾಯಿಯ ತಂದೆ ಫ್ರಾನ್ಸಿನಲ್ಲಿ ಮನೆಮಾತಾದ ಸೈಕ್ಲಿಸ್ಟ್ ರೇಮಂಡ್ ಪುಲಿಡೊರ್. ಅಂಥ ಮನೆಯಲ್ಲಿ ಹುಟ್ಟುವವರು ಎಷ್ಟು ಜನ?

ದುಡ್ಡು ಎಲ್ಲಿಂದ ಬರುತ್ತದೆ ಎನ್ನುವುದು ಎರಡು ಆಟಗಳಲ್ಲಿ ಎರಡು ತೆರ. ಸೈಕ್ಲೋಕ್ರಾಸ್‌ನ ದುಡ್ಡು ಪ್ರೇಕ್ಷಕರ ಜೇಬಿನಿಂದ ಶುರುವಾಗುತ್ತದೆ. ರಸ್ತೆ ರೇಸು ಊರ ಮುಂದೆ ಒಮ್ಮೆ ಹಾಯ್ದು ಹೋಗುತ್ತದೆ, ಅದಕ್ಕೆ ಟಿಕೆಟ್ ಕೇಳುವುದು ಕಷ್ಟ. ಇಲ್ಲಿ ಮೂರು ಕಿಲೋಮೀಟರಿನ ಸುತ್ತು, ಸುತ್ತಲೂ ಬೇಲಿ. ನಿಂತಲ್ಲೇ ಎಂಟೊಂಬತ್ತು ಸಲ ಸವಾರರು ಕಣ್ಣೆದುರು ಬರುತ್ತಾರೆ. ಹಾಗಾಗಿ ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಸಾವಿರಾರು ಜನ ಟಿಕೆಟ್ ಕೊಂಡು, ಬೂಟು ಹಾಕಿಕೊಂಡು, ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಟೀವಿಯಲ್ಲಿ ನೇರ ಪ್ರಸಾರ ಇರುತ್ತದೆ. ಆ ಹಣದಲ್ಲಿ ಒಂದು ಭಾಗ ಹೆಸರುವಾಸಿ ಸವಾರರಿಗೆ ಬರೀ ಬಂದು ನಿಲ್ಲುವುದಕ್ಕೇ ಸಲ್ಲುತ್ತದೆ. ಸ್ಟಾರ್ಟ್ ಮನಿ ಎನ್ನುತ್ತಾರೆ. ನಾಟಕ ಕಂಪನಿಯವರು ಹೆಸರಾಂತ ನಟನಿಗೆ ವೀಳ್ಯ ಕೊಟ್ಟು ಕರೆಸುತ್ತಿದ್ದ ಹಾಗೆ. ವಿಶ್ವ ಚಾಂಪಿಯನ್ ಅಂಗಿ ಮೈಮೇಲಿದ್ದರೆ ಆ ವೀಳ್ಯ ಏರುತ್ತದೆ. ಐದು ಬಣ್ಣದ ಪಟ್ಟೆಯ ಆ ಬಿಳಿ ಅಂಗಿಗೆ ಒಂದು ವರ್ಷದ ವಾಯಿದೆ. ಎಲ್ಲೂ ಗೆಲ್ಲದ, ಆದರೆ ಹತ್ತರೊಳಗೆ ಬರುವ ಸವಾರನಿಗೆ ತಂಡದ ಸಂಬಳವೇ ಗತಿ. ಬಹುಮಾನದ ಹಣದಲ್ಲಿ ಬದುಕು ನಡೆಸುವವರು ಬೆರಳೆಣಿಕೆಯಷ್ಟು.

ಮೌಂಟನ್ ಬೈಕಿನ ಅನ್ನದಾತರು ಸೈಕಲ್ ಕಂಪನಿಗಳು. ಸ್ಕಾಟ್, ಟ್ರೆಕ್, ಸ್ಪೆಷಲೈಜ್ಡ್‌ನಂಥವರು ತಮ್ಮ ಹೆಸರಿನ ತಂಡಗಳಿಗೆ ಸವಾರರನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತಾರೆ. ಸವಾರ ಗೆದ್ದ ಸೈಕಲ್ ಅಂಗಡಿಯಲ್ಲಿ ಮಾರಾಟವಾಗುತ್ತದೆ. ಸ್ವಿಟ್ಜರ್‌ಲ್ಯಾಂಡಿನ ನಿನೊ ಶೂರ್ಟರ್ ಒಂದೇ ಕಂಪನಿಯ ಸೈಕಲ್ ಮೇಲೆ ಹತ್ತು ವಿಶ್ವ ಪಟ್ಟ, 2008ರಲ್ಲಿ ಕಂಚು, 2012ರಲ್ಲಿ ಬೆಳ್ಳಿ, 2016ರಲ್ಲಿ ಚಿನ್ನ, ಹೀಗೆ ಮೂರು ಬಣ್ಣದ ಒಲಿಂಪಿಕ್ ಪದಕ ಗೆದ್ದು 2025ರಲ್ಲಿ ನಿವೃತ್ತರಾದರು. ಇದರ ಇನ್ನೊಂದು ಮುಖವೂ ಇದೆ. ಸೈಕಲ್ ಮಾರಾಟ ಕುಸಿದರೆ ತಂಡವೂ ಕುಸಿಯುತ್ತದೆ. ಕೊರೊನಾ ಕಾಲದಲ್ಲಿ ಜನ ಮುಗಿಬಿದ್ದು ಸೈಕಲ್ ಕೊಂಡರು, ಕಂಪನಿಗಳು ಅಳತೆ ಮೀರಿ ತಯಾರಿಸಿದವು, ಆಮೇಲೆ ಗೋದಾಮುಗಳಲ್ಲಿ ಮಾಲು ಉಳಿಯಿತು. ಅದರ ಬಿಸಿ ಮೊದಲು ತಟ್ಟಿದ್ದರಲ್ಲಿ ರೇಸಿನ ತಂಡಗಳೂ ಸೇರಿದ್ದವು. ಸವಾರನದು ಏನೂ ತಪ್ಪಿಲ್ಲದೆ ಕೆಲಸ ಹೋಗುವ ಉದ್ಯೋಗ ಇದು.

ಇಷ್ಟು ತಿಳಿದ ಮೇಲೆ ದೇಹದ ಕಡೆ ನೋಡಿದರೆ ಕಷ್ಟ ಎಲ್ಲಿದೆ ಎಂದು ಗೊತ್ತಾಗುತ್ತದೆ. ಸೈಕ್ಲೋಕ್ರಾಸ್ ಕಾಲ ಸೆಪ್ಟೆಂಬರಿನಿಂದ ಫೆಬ್ರವರಿ. ವಿಶ್ವ ಚಾಂಪಿಯನ್‌ಷಿಪ್ ಜನವರಿ ಕೊನೆ ಅಥವಾ ಫೆಬ್ರವರಿ ಮೊದಲ ವಾರ. ಕ್ರಿಸ್‌ಮಸ್ ಹತ್ತಿರದ ಎರಡು ವಾರವಂತೂ ಶಾಲೆಗೆ ರಜೆ, ಜನ ಬಿಡುವಾಗಿರುತ್ತಾರೆ ಎಂದು ದಿನ ಬಿಟ್ಟು ದಿನ ಓಟ. ವಸಂತ ಬರುತ್ತಲೇ ಮೌಂಟನ್ ಬೈಕ್ ವಿಶ್ವಕಪ್, ಅದು ಶರತ್ಕಾಲದವರೆಗೆ. ಎರಡೂ ಓಡುವವರಿಗೆ ವರ್ಷದಲ್ಲಿ ಸ್ವಲ್ಪ ಉಸಿರಾಡಲು ಸಿಗುವುದು ಫೆಬ್ರವರಿ, ಮಾರ್ಚ್‌ನ ಕೆಲವು ವಾರ. ಅದೇ ವಾರಗಳಲ್ಲಿ ಬೇಸಿಗೆಗೆ ಬೇಕಾದ ದೀರ್ಘ ಸವಾರಿಯ ಅಡಿಪಾಯವನ್ನೂ ಹಾಕಿಕೊಳ್ಳಬೇಕು. ಹೊಲಕ್ಕೆ ಎರಡು ಬೆಳೆಯ ನಡುವೆ ಬೀಳು ಬಿಡದೆ ಬಿತ್ತಿದ ಹಾಗೆ. ಒಂದೆರಡು ವರ್ಷ ಫಸಲು ಬರುತ್ತದೆ.

ಫ್ರಾನ್ಸಿನ ಪೋಲಿನ್ ಫೆರಾಂ-ಪ್ರೆವೊ ಅವರ ಕಥೆಯಲ್ಲಿ ಇದು ಹಂತಹಂತವಾಗಿ ಕಾಣುತ್ತದೆ. 1992ರಲ್ಲಿ ಹುಟ್ಟಿದ ಅವರು ಜೂನಿಯರ್ ವಯಸ್ಸಿನಲ್ಲೇ ವಿಶ್ವ ಚಾಂಪಿಯನ್. 2014ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಪೊನ್ಫೆರಾಡಾದಲ್ಲಿ ರಸ್ತೆ ರೇಸಿನ ವಿಶ್ವ ಪಟ್ಟ. 2015ರ ಜನವರಿ 31ರಂದು ಝೆಕ್ ದೇಶದ ಟಾಬೋರ್‌ನಲ್ಲಿ ಸೈಕ್ಲೋಕ್ರಾಸ್ ಪಟ್ಟ. ಅದೇ ವರ್ಷದ ಸೆಪ್ಟೆಂಬರಿನ ಮೊದಲ ವಾರ ಅಂಡೋರಾದಲ್ಲಿ ಮೌಂಟನ್ ಬೈಕ್ ಪಟ್ಟ. ಅಲ್ಲಿಂದ ಮೂರು ವಾರ, ಮುಂದಿನ ರಸ್ತೆ ಚಾಂಪಿಯನ್‌ಷಿಪ್ ನಡೆಯುವವರೆಗೆ, ಮೂರೂ ಅಂಗಿಗಳು ಒಬ್ಬರ ಬಳಿಯೇ ಇದ್ದವು. ಅದಕ್ಕೆ ಮುಂಚೆ ಯಾರೂ, ಗಂಡಸಾಗಲಿ ಹೆಂಗಸಾಗಲಿ, ಅದನ್ನು ಮಾಡಿರಲಿಲ್ಲ. ಆಗ ಅವರಿಗೆ 23.

ಮುಂದಿನ ವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ಮೌಂಟನ್ ಬೈಕ್ ಓಟವನ್ನು ಮುಗಿಸಲಾಗದೆ ನಡುವೆಯೇ ಬಿಟ್ಟರು. ಕಾಲಿನಲ್ಲಿ ನೋವು, ಮನಸ್ಸಿನಲ್ಲಿ ಬಳಲಿಕೆ. ಬಹಳ ತಡವಾಗಿ ಪತ್ತೆಯಾದ ಕಾರಣವೊಂದು ಸೊಂಟದ ಹತ್ತಿರ ಕಾಲಿಗೆ ರಕ್ತ ಒಯ್ಯುವ ಧಮನಿಯಲ್ಲಿತ್ತು. ಸೈಕಲ್ ಮೇಲೆ ಬಗ್ಗಿ ಕೂತಾಗ ಆ ಧಮನಿ ಮಡಚಿಕೊಳ್ಳುತ್ತದೆ. ಪೆಡಲಿನ ಒಂದೊಂದು ತುಳಿತಕ್ಕೂ ಒಂದೊಂದು ಮಡಚು, ವರ್ಷಕ್ಕೆ ಲಕ್ಷಗಟ್ಟಲೆ ಸಲ. ಕೆಲವರಲ್ಲಿ ಧಮನಿಯ ಒಳಗೋಡೆ ದಪ್ಪವಾಗುತ್ತ ದಾರಿ ಕಿರಿದಾಗುತ್ತದೆ. ಸುಮ್ಮನಿದ್ದಾಗ, ನಡೆವಾಗ ಏನೂ ತಿಳಿಯದು. ಮೈಯ ಕಸುವನ್ನೆಲ್ಲ ಕಾಲಿಗೆ ಹಾಕಿದ ಗಳಿಗೆಯಲ್ಲಿ ಮಾತ್ರ ರಕ್ತ ಸಾಲದೆ ತೊಡೆ ಕಲ್ಲಾಗುತ್ತದೆ. ಮಲಗಿಸಿ ತಪಾಸಣೆ ಮಾಡಿದರೆ ಎಲ್ಲ ಸರಿಯಾಗಿದೆ ಎಂದೇ ಬರುವುದರಿಂದ ಎಷ್ಟೋ ಸವಾರರು ತಮ್ಮ ಮನಸ್ಸೇ ಸೋತಿದೆ ಎಂದು ತಿಳಿದು ಕೊರಗುತ್ತಾರೆ. ಪೋಲಿನ್ 2019ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದೇ ವರ್ಷ ಕೆನಡಾದಲ್ಲಿ ಮತ್ತೆ ಮೌಂಟನ್ ಬೈಕ್ ವಿಶ್ವ ಚಾಂಪಿಯನ್ ಆದರು.

ಅಲ್ಲಿಂದ ಮುಂದೆ ಅವರು ಮಾಡಿದ್ದನ್ನು ನಾನು ಬಹಳ ಮೆಚ್ಚುತ್ತೇನೆ. ಎಲ್ಲವನ್ನೂ ಒಟ್ಟಿಗೆ ಹಿಡಿಯುವುದನ್ನು ಬಿಟ್ಟು ಒಂದೊಂದನ್ನೇ ಆರಿಸಿಕೊಂಡರು. ಸೈಕ್ಲೋಕ್ರಾಸ್ ಚಳಿಗಾಲಗಳನ್ನು ಕೈಬಿಟ್ಟರು. ಪ್ಯಾರಿಸ್ ಒಲಿಂಪಿಕ್ಸ್ ಒಂದೇ ಗುರಿ ಎಂದುಕೊಂಡರು. 2024ರ ಜುಲೈ 28ರಂದು ಎಲಾಂಕೂರ್ ಗುಡ್ಡದಲ್ಲಿ ಎರಡನೆಯವರಿಗಿಂತ ಮೂರು ನಿಮಿಷದಷ್ಟು ಮುಂದೆ ಬಂದು ಚಿನ್ನ ಗೆದ್ದರು. ಮೌಂಟನ್ ಬೈಕನ್ನು ಅಲ್ಲಿಗೇ ನಿಲ್ಲಿಸಿ ರಸ್ತೆಗೆ ಮರಳಿದರು. 2025ರ ಏಪ್ರಿಲ್‌ನಲ್ಲಿ ಪ್ಯಾರಿಸ್-ರೂಬೆ ರಸ್ತೆ ಓಟದ ಗೆಲುವು, ಆಗಸ್ಟ್ 3ರಂದು ಮಹಿಳೆಯರ ಟೂರ್ ಡಿ ಫ್ರಾನ್ಸ್ ಗೆಲುವು. ರೂಬೆಯ ಕಲ್ಲುಹಾಸಿನ ಮೇಲೆ ಸೈಕಲ್ ಕುಣಿಯುವಾಗ ಅವರ ಮೊಣಕೈ ಸಡಿಲವಾಗಿ ಇದ್ದುದನ್ನು ಗಮನಿಸಿದರೆ ಕೆಸರು, ಬಂಡೆ ಕಲಿಸಿದ್ದು ಏನೆಂದು ತಿಳಿಯುತ್ತದೆ.

ಕಲಿತದ್ದೂ ಕೈಕೊಡುವುದುಂಟು. ಓಟದ ಹಿಂದಿನ ದಿನಗಳಲ್ಲಿ ಸವಾರರು ದಾರಿಯನ್ನು ನಡೆದು, ಸವಾರಿ ಮಾಡಿ, ಯಾವ ಬೇರಿನ ಎಡಕ್ಕೆ, ಯಾವ ಕಲ್ಲಿನ ಬಲಕ್ಕೆ ಎಂದು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ದಾರಿಯಲ್ಲಿ ಒಂದು ದೊಡ್ಡ ಬಂಡೆಯಿಂದ ಕೆಳಗೆ ಇಳಿಯಬೇಕಿತ್ತು. ಅಭ್ಯಾಸದ ಹೊತ್ತಿನಲ್ಲಿ ಅಲ್ಲಿ ಒಂದು ಹಲಗೆಯ ಇಳಿಜಾರು ಇಟ್ಟಿದ್ದರು, ಓಟದ ದಿನ ತೆಗೆದಿದ್ದರು. ಹಲಗೆ ಇದೆ ಎಂದೇ ನಂಬಿ ನಿಧಾನಕ್ಕೆ ಮುಂದಿನ ಗಾಲಿ ಇಳಿಸಿದ ವಾನ್ ಡರ್ ಪೂಲ್ ತಲೆಕೆಳಗಾಗಿ ಬಿದ್ದರು. ಆ ದಿನ ಗೆದ್ದದ್ದು ಪಿಡ್‌ಕಾಕ್. ಅವರಿಗಾದರೂ ಎಂಟು ವಾರದ ಹಿಂದೆ ಕಾರು ಡಿಕ್ಕಿ ಹೊಡೆದು ಕತ್ತಿನ ಪಕ್ಕದ ಎಲುಬು ಮುರಿದಿತ್ತು.

ಓಟವಿಲ್ಲದ ದಿನಗಳಿಗೂ ಅದರದೇ ಕಟ್ಟಳೆ. ಮದ್ದು ತಪಾಸಣೆಯ ಪಟ್ಟಿಯಲ್ಲಿರುವ ಸವಾರರು ಪ್ರತಿ ದಿನ ಒಂದು ಗಂಟೆ ಎಲ್ಲಿ ಸಿಗುತ್ತೇವೆಂದು ಮುಂಚಿತವಾಗಿ ತಿಳಿಸಿರಬೇಕು, ಮದುವೆ ಮನೆಯಲ್ಲಿದ್ದರೂ ಸರಿ. ಈ ತಪಾಸಣೆಯ ಬಿಸಿ ತಟ್ಟಿದವರಲ್ಲಿ ಒಬ್ಬರು ಝೆಕ್ ದೇಶದ ಕಟೆರಿನಾ ನ್ಯಾಶ್, 1996ರ ಅಟ್ಲಾಂಟಾದಲ್ಲಿ ಮೌಂಟನ್ ಬೈಕ್ ಓಡಿದವರು. ಆಮೇಲೆ ಎರಡು ಚಳಿಗಾಲದ ಒಲಿಂಪಿಕ್ಸ್‌ಗೆ ಹಿಮದ ಸ್ಕೀ ಓಟಗಾರ್ತಿಯಾಗಿ ಹೋಗಿ, ಮತ್ತೆ ಲಂಡನ್ ಮತ್ತು ರಿಯೊದಲ್ಲಿ ಸೈಕಲ್ ಏರಿದರು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಎನರ್ಜಿ ಬಾರ್ ತಯಾರಿಸುವ ಕ್ಲಿಫ್ ಕಂಪನಿಯ ತಂಡದಲ್ಲಿ ವರ್ಷಗಟ್ಟಲೆ ಬೇಸಿಗೆ ಗುಡ್ಡ, ಚಳಿಗಾಲ ಕೆಸರು ಎರಡನ್ನೂ ಓಡಿದರು. ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2011ರಲ್ಲಿ ಒಂದು ಕಂಚು, 2017ರಲ್ಲಿ, 39ರ ವಯಸ್ಸಿನಲ್ಲಿ, ಇನ್ನೊಂದು. ಅಂಥವರ ತಪಾಸಣೆಯ ಮಾದರಿಯಲ್ಲಿ 2022ರಲ್ಲಿ ನಿಷೇಧಿತ ವಸ್ತುವಿನ ಕಣ ಸಿಕ್ಕಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು. ಸಾಯುವ ಸ್ಥಿತಿಯಲ್ಲಿದ್ದ ಮನೆಯ ನಾಯಿಗೆ ಹಸಿವು ಹುಟ್ಟಿಸುವ ದ್ರವ ಔಷಧವನ್ನು ಅವರು ಕೈಯಾರೆ ಕುಡಿಸುತ್ತಿದ್ದರು, ಅದು ಚರ್ಮದ ಮೂಲಕ ಮೈ ಸೇರಿತ್ತು. ಅಮೆರಿಕದ ಮದ್ದು ತಡೆ ಸಂಸ್ಥೆ ತಪ್ಪಿಲ್ಲವೆಂದು ಬಿಟ್ಟಿತು. ಇಪ್ಪತ್ತೈದು ವರ್ಷದ ಹೆಸರು ಅಲ್ಲಿಯವರೆಗೆ ತೂಗುಯ್ಯಾಲೆಯಲ್ಲಿತ್ತು.

ನಮ್ಮ ದೇಶದಲ್ಲಿ ಸೈಕ್ಲೋಕ್ರಾಸ್ ಬೇರೂರಿಲ್ಲ, ಮೌಂಟನ್ ಬೈಕ್ ಇದೆ. 2023ರ ಅಕ್ಟೋಬರಿನಲ್ಲಿ ಕೇರಳದ ಪೊನ್ಮುಡಿ ಬೆಟ್ಟದಲ್ಲಿ ಏಷ್ಯನ್ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತು. ಗೆದ್ದವರ ದೇಶಕ್ಕೆ ಪ್ಯಾರಿಸ್ ಒಲಿಂಪಿಕ್ಸ್ ಬಾಗಿಲು ತೆರೆಯುವ ಓಟ ಅದು. ಕರ್ನಾಟಕದಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಸೀಮೆಯ ಹಳ್ಳಿಗಳಿಂದ ದಶಕಗಳಿಂದ ಸೈಕ್ಲಿಸ್ಟ್‌ಗಳು ಬರುತ್ತಿದ್ದಾರೆ. ಕ್ರೀಡಾ ಹಾಸ್ಟೆಲಿನಲ್ಲಿ ಉಳಿದು, ರಾಷ್ಟ್ರೀಯ ಪದಕ ಗೆದ್ದು, ಸೇನೆಯಲ್ಲೋ ರೈಲ್ವೆಯಲ್ಲೋ ಕ್ರೀಡಾ ಕೋಟಾದ ನೌಕರಿ ಹಿಡಿಯುವುದು ಅವರಿಗೆ ತಿಳಿದ ದಾರಿ. ಆ ನೌಕರಿ ಮನೆಯನ್ನು ಎತ್ತಿ ನಿಲ್ಲಿಸುತ್ತದೆ, ಅದನ್ನು ಕಡಿಮೆ ಎಣಿಸುವ ಹಕ್ಕು ಯಾರಿಗೂ ಇಲ್ಲ. ಅಲ್ಲಿಂದ ಆಚೆಗೆ, ವಿಶ್ವಕಪ್ ಗೆರೆಯವರೆಗೆ ಹೋಗಬೇಕಾದರೆ ಬೇಕಾಗುವುದು ಅಂಕ. ಅಂಕ ಸಿಗುವ ಓಟಗಳು ಹೆಚ್ಚಾಗಿ ಯುರೋಪಿನಲ್ಲಿ. ವೀಸಾ, ವಿಮಾನ, ಸೈಕಲ್ ಸಾಗಣೆ, ಚಳಿಯಲ್ಲಿ ಉಳಿಯಲು ಒಂದು ಕೋಣೆ, ಗಾಲಿ ಹಿಡಿದು ನಿಲ್ಲಲು ಒಬ್ಬ ಜೊತೆಗಾರ, ಇಷ್ಟನ್ನೂ ಹೊಂದಿಸಿಕೊಂಡು ಹೋದ ಮೊದಲ ದಿನ ಅವರ ಹೆಸರನ್ನು ಎಲ್ಲರಿಗಿಂತ ಕೊನೆಗೆ ಕರೆಯುತ್ತಾರೆ. ನೂರು ಹೆಲ್ಮೆಟ್‌ಗಳ ಹಿಂದೆ, ಹದಿಮೂರನೆಯ ಸಾಲಿನಲ್ಲಿ, ಎರೆ ಮಣ್ಣಿನ ದಾರಿಯಲ್ಲಿ ಸೈಕಲ್ ಕಲಿತವರೊಬ್ಬರು ಒಂದು ಕಾಲು ಪೆಡಲಿನ ಮೇಲಿಟ್ಟು ನಿಂತಿರುವುದನ್ನು ನೋಡುವ ಆಸೆ ನನಗಿದೆ.